ಕೊಳಗದ ಲೆಕ್ಕಕ್ಕೆ ಮೂರು ಬಗೆಯ ಪುಸ್ತಕ

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಕೊಳಗವೊಂದಿದೆ. ಬಾಯಿಗೆ ಹಿತ್ತಾಳೆ ಪಟ್ಟಿ, ಪಕ್ಕದಲ್ಲಿ ಬೆರಳು ತೂರುವಷ್ಟು ಸೀಳು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತದ್ದಕ್ಕೆ ಗೇಣಿ ಭತ್ತ ಅಳೆಯುವ ಕೊಳಗವೂ ಒಂದು ಕಾರಣ. ಅದರ ಹಿಂದುಮುಂದು ತಿಳಿಯೋಣವೆಂದು ಈ ಮಳೆಗಾಲವಿಡೀ ವಿಶ್ವವಿದ್ಯಾಲಯಗಳು ಹೊರತಂದ ಪುಸ್ತಕಗಳನ್ನೇ ಓದಿದೆ.

ಮೊದಲು ಕೈಗೆ ಬಂದದ್ದು ಕನ್ನಡದ ಒಂದು ಪ್ರಸಾರಾಂಗದ್ದು, ಅಂದರೆ ವಿಶ್ವವಿದ್ಯಾಲಯದ ಪುಸ್ತಕ ಪ್ರಕಟಣೆ ವಿಭಾಗದ್ದು. ಬೆಲೆ ಇಬ್ಬರ ಊಟದಷ್ಟೂ ಇಲ್ಲ. ಗೇಣಿ, ಒಕ್ಕಲು, ಬಿಟ್ಟಿ, ಕೊಳಗ ಎಲ್ಲವೂ ನಾವಾಡುವ ಮಾತಿನಲ್ಲೇ ಬರುತ್ತವೆ. ಇಂಗ್ಲಿಷಿನಲ್ಲಿ ‘ಟೆನೆಂಟ್’ ಅಂದ ಕೂಡಲೇ ಒಕ್ಕಲಿನ ಅರ್ಧ ಬದುಕು ಜಾರಿಹೋಗುತ್ತದೆ. ಆದರೆ ಪದಸೂಚಿ ಇಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕ ಊರೂರಲ್ಲಿ ಬಗೆಬಗೆಯ ಗದ್ದೆಯನ್ನು ತಾನೇ 12 ವರ್ಷ ಮಾಡಿಸಿ, ಬೀಜ, ಖರ್ಚು, ಫಸಲು ಬರೆಸಿ ಶಿಸ್ತು, ಅಂದರೆ ಭೂಕಂದಾಯ, ಕಟ್ಟಿದ ಎಂದಿದೆ. ಎಲ್ಲಿಂದ ಬಂತು ಈ ಮಾತು? ಪುಸ್ತಕದಲ್ಲಿ ಸುಳಿವಿಲ್ಲ. ಎರಡನೇ ಭಾಗ ಕೇಳಿದರೆ ಪ್ರತಿ ಮುಗಿದಿದೆ ಎಂದರು.

ಹೊರದೇಶದ ವಿಶ್ವವಿದ್ಯಾಲಯ ಮುದ್ರಣಾಲಯದ ದಪ್ಪ ರಟ್ಟಿನ ಪುಸ್ತಕವನ್ನು ಗೆಳೆಯನೊಬ್ಬ ಕಾಲೇಜು ಗ್ರಂಥಾಲಯದಿಂದ ತಂದುಕೊಟ್ಟ. ಕೊಳ್ಳುವ ಮಾತೇ ಇಲ್ಲ, ಅಷ್ಟು ದುಬಾರಿ. ಅದೇ 12 ವರ್ಷದ ಸಂಗತಿಗೆ ಅಲ್ಲಿ ಅಡಿಟಿಪ್ಪಣಿಯಿತ್ತು: ಬ್ರಿಟಿಷರ ಕಾಲದ ಶಾಸನತಜ್ಞ ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್. ಅಂದರೆ ಶಿವಪ್ಪ ನಾಯಕ ತೀರಿಕೊಂಡು ಇನ್ನೂರು ವರ್ಷದ ಮೇಲೆ ಅಚ್ಚಾದ ಮಾತು. ಸುಳ್ಳೆನ್ನುತ್ತಿಲ್ಲ, ಆದರೆ ಓದುವವನಿಗೆ ಇದು ಗೊತ್ತಿರಲೇಬೇಕು. ವಿಷಯ ಬಲ್ಲವರು ಹಸ್ತಪ್ರತಿ ಓದಿ ಒಪ್ಪಿದ ಮೇಲೇ ಅಚ್ಚು ಹಾಕುವ ಕ್ರಮದ ಬೆಲೆ ನನಗೆ ಈ ಒಂದು ಸಾಲಿನಲ್ಲಿ ತಿಳಿಯಿತು. ಎರವಲು ಪುಸ್ತಕಕ್ಕೆ ಬೂಸ್ಟು ಹಿಡಿಯದಿರಲೆಂದು ದಿನಾ ಒಲೆಯ ಹತ್ತಿರ ಇಡುವುದೇ ಕೆಲಸವಾಯಿತು.

ಮೂರನೆಯದು ಪುಕ್ಕಟೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮುದ್ರಣಾಲಯ 2015ರಲ್ಲಿ ಲುಮಿನೋಸ್ ಎಂಬ ಯೋಜನೆ ಶುರುಮಾಡಿತು. ಖರ್ಚನ್ನು ಲೇಖಕರ ಸಂಸ್ಥೆ, ಗ್ರಂಥಾಲಯ, ಮುದ್ರಣಾಲಯ ಹಂಚಿಕೊಳ್ಳುತ್ತವೆ, ಓದುಗನಿಗೆ ಇಳಿಸಿಕೊಳ್ಳಲು ಕಾಸಿಲ್ಲ. ಕರೆಂಟಿಲ್ಲದ ರಾತ್ರಿಯೂ ಮೊಬೈಲಲ್ಲಿ ಓದಿದೆ, ಬೇಕಾದ ಪದ ಹುಡುಕಿದೆ. ನಮ್ಮ ಜಿಲ್ಲೆಯ ವಿಚಾರ ಮಾತ್ರ ಸಿಗಲಿಲ್ಲ. ರೈಸ್ ಅವರದೇ ಶಾಸನ ಸಂಪುಟಗಳಲ್ಲಿ ಶಿವಮೊಗ್ಗ ಜಿಲ್ಲೆಯ ಎರಡು, 1902 ಮತ್ತು 1904ರವು, ಸ್ಕ್ಯಾನ್ ಆಗಿ ಸಿಗುತ್ತವೆ. ಅಲ್ಲಿ ಕನ್ನಡ ಪದ ಹುಡುಕಿದರೆ ಏನೂ ಬರುವುದಿಲ್ಲ, ಪುಟ ಪುಟ ಸರಿಸಬೇಕು.

ಒಂದನ್ನೇ ಇಟ್ಟುಕೊ ಎಂದರೆ ನಾನು ಕನ್ನಡದ್ದನ್ನೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಅಡಿಟಿಪ್ಪಣಿ, ಪದಸೂಚಿ ಸೇರಲಿ, ಪ್ರತಿ ಮುಗಿದವನ್ನು ಪ್ರಸಾರಾಂಗಗಳು ಪುಕ್ಕಟೆ ಬಿಡಲಿ. ಮೊನ್ನೆ ಅದರ ಗೇಣಿ ಅಧ್ಯಾಯವನ್ನು ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಅರ್ಧಕ್ಕೇ ತಡೆದರು: “ಕೊಡೋವಾಗ ಒಂದು ಕೊಳಗ, ಇಸ್ಕೊಳ್ಳೋವಾಗ ಇನ್ನೊಂದು. ಅದನ್ನ ಬರ್ದಿದಾರೇನೋ ಮಗಾ, ನೋಡು.” ಹುಡುಕಿದೆ. ಪದಸೂಚಿ ಇಲ್ಲದ್ದಕ್ಕೆ ಅರ್ಧ ಗಂಟೆ ಹಿಡಿಯಿತು. ಬರೆದಿದ್ದರು.