ಇಂಗ್ಲಿಷಿನ ಕಷ್ಟದ ಪದಗಳಿಗೆ ಆ್ಯಪ್, ಪುಸ್ತಕ, ಫ್ರೆಂಚ್ ಕ್ಲಾಸು: ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರೆಂಚ್ ಕ್ಲಾಸಿಗೆ. "ಇಂಗ್ಲಿಷ್ ಕಲಿಯೋಕೆ ಫ್ರೆಂಚ್ ಯಾಕೆ ಬೇಕು ಮಗಾ?" ಅಂತ ಅಮ್ಮ ಕೇಳಿದ್ದರು. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಹಾಸನದ ಹತ್ತಿರದ ಒಂದು ಊರಿನಲ್ಲಿ. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ದಿನಬಳಕೆಯ ಇಂಗ್ಲಿಷ್ ತಾನಾಗಿ ಬಂತು. ಮೇಲ್ ಬರೆಯುತ್ತೇನೆ, ಮೀಟಿಂಗಿನಲ್ಲಿ ಮಾತಾಡುತ್ತೇನೆ. ಆದರೆ ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಅಂತ ಕೂತಾಗ ಪದಗಳೇ ಅಡ್ಡ ನಿಂತವು. ಲುಗೂಬ್ರಿಯಸ್, ಮೆಂಡೇಷಸ್, ಟ್ಯಾಸಿಟರ್ನ್. ಇವು ನನ್ನ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ.

ಮೊದಲು ದುಡ್ಡು ಹಾಕಿದ್ದು ಪದ ಕಲಿಸುವ ಒಂದು ಆ್ಯಪ್‌ಗೆ. ವರ್ಷದ ಚಂದಾ 4,800 ರೂಪಾಯಿ. ದಿನಕ್ಕೆ 30 ಕಾರ್ಡು. ಒಂದು ಕಡೆ ಪದ, ತಿರುಗಿಸಿದರೆ ಒಂದು ಸಾಲಿನ ಅರ್ಥ. ಬಸ್ಸಿನಲ್ಲಿ ಕೂತು ಮೂರು ತಿಂಗಳು ಬಿಡದೆ ಮಾಡಿದೆ. ಎರಡೂವರೆ ಸಾವಿರಕ್ಕೂ ಜಾಸ್ತಿ ಪದ ಕಲಿತಾಯಿತು ಅಂತ ಆ್ಯಪ್ ತೋರಿಸಿತು. ಮಾದರಿ ಪರೀಕ್ಷೆ ಬರೆದರೆ ವರ್ಬಲ್‌ನಲ್ಲಿ, ಅಂದರೆ ಭಾಷೆಯ ಭಾಗದಲ್ಲಿ, 145 ಇದ್ದದ್ದು 147 ಆಗಿತ್ತು, ಅಷ್ಟೇ. ಪೂರ್ತಿ ಅಂಕ 170.

ಯಾಕೆ ಹೀಗಾಯಿತು ಅಂತ ಯೋಚಿಸಿದೆ. ಒಂದು ಕಾರಣ ಪರೀಕ್ಷೆಯದ್ದೇ. 2011ರ ಆಗಸ್ಟಿನಲ್ಲಿ ಜಿಆರ್‌ಇ ಬದಲಾಯಿತು. ವಿರುದ್ಧಪದ ಕೇಳುವ ಪ್ರಶ್ನೆಗಳನ್ನು ಆಗ ತೆಗೆದುಹಾಕಿದರು. ಈಗ ಪದವನ್ನು ವಾಕ್ಯದ ಒಳಗೆ ಕೂರಿಸಬೇಕು. ಒಂದು ಸಾಲಿನ ಅರ್ಥ ಅದಕ್ಕೆ ಸಾಲದು. ಇನ್ನೊಂದು ಕಾರಣ ನನ್ನದು. ಆ ಪದಗಳಿಗೂ ನನ್ನ ಬದುಕಿಗೂ ಯಾವ ನಂಟೂ ಇರಲಿಲ್ಲ. ಸೋಮವಾರ ಬಾಯಿಪಾಠ ಮಾಡಿದ್ದು ಗುರುವಾರಕ್ಕೆ ಮರೆತುಹೋಗುತ್ತಿತ್ತು.

ಅದೇ ಹೊತ್ತಿಗೆ ನಮ್ಮ ಪ್ರಾಜೆಕ್ಟಿಗೆ ಕೊಲಂಬಿಯಾದ ಒಬ್ಬ ಹುಡುಗಿ ಸೇರಿದಳು. ಇಂಗ್ಲಿಷ್ ಕಲಿಯಲು ಶುರುಮಾಡಿ ನಾಲ್ಕೇ ವರ್ಷ ಆಗಿತ್ತಂತೆ. ಕಾಲ್ ಮುಗಿದ ಮೇಲೆ ಒಂದಿನ ನನ್ನ ಕಾರ್ಡುಗಳನ್ನು ತೋರಿಸಿದೆ. ಲುಗೂಬ್ರಿಯಸ್? ಗೊತ್ತು, ದುಃಖ ತುಂಬಿದ್ದು. ಸಾಮ್ನೊಲೆಂಟ್? ತೂಕಡಿಸುತ್ತಿರುವ. ಲೋಕ್ವೇಷಸ್? ವಾಚಾಳಿ. ಎಡಿಫಿಸ್? ಕಟ್ಟಡ ತಾನೇ. ಇಪ್ಪತ್ತರಲ್ಲಿ ಹದಿನೇಳು ಹೇಳಿದಳು. ಅವಳ ಸ್ಪ್ಯಾನಿಷ್‌ನಲ್ಲಿ ಅವು ಲೂಗುಬ್ರೆ, ಸೊಮ್ನೊಲಿಯೆಂತೊ, ಲೊಕ್ವಾಸ್, ಎದಿಫೀಸಿಯೊ. ಎದಿಫೀಸಿಯೊ ಅಂತೂ ಚಿಕ್ಕ ಮಕ್ಕಳ ಬಾಯಲ್ಲೂ ಇರುವ ಮಾತು.

ಆದರೆ ಅವಳೇ ನನ್ನನ್ನು ಕೇಳಿದ್ದು, "ಪುಟ್ ಅಪ್ ವಿತ್" ಅಂದರೆ ಏನು ಅಂತ. "ಪುಟ್ ಆಫ್" ಅಂದರೆ? "ಗೆಟ್ ಓವರ್" ಅಂದರೆ? ಅವಳು ಟಾಲರೇಟ್, ಪೋಸ್ಟ್‌ಪೋನ್, ರಿಕವರ್ ಅನ್ನುತ್ತಾಳೆ. ನನಗೆ ಸಲೀಸಾದದ್ದು ಅವಳಿಗೆ ಕಷ್ಟ, ನನಗೆ ಕಷ್ಟವಾದದ್ದು ಅವಳಿಗೆ ಸಂತೆಯ ಮಾತು.

ಇದರ ಹಿಂದೆ ಒಂದು ಇತಿಹಾಸ ಇದೆ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅರಮನೆಯಲ್ಲಿ, ಕೋರ್ಟಿನಲ್ಲಿ, ದೊಡ್ಡವರ ಮನೆಯಲ್ಲಿ ಫ್ರೆಂಚ್ ಬಂತು. ವಾದವನ್ನು ಇಂಗ್ಲಿಷಿನಲ್ಲಿ ನಡೆಸಬೇಕು ಅಂತ ಕಾನೂನು ಬಂದದ್ದು 1362ರಲ್ಲಿ. ಅಷ್ಟರಲ್ಲಿ ಜಡ್ಜ್, ಜ್ಯೂರಿ, ವರ್ಡಿಕ್ಟ್, ಅಟಾರ್ನಿ ಎಲ್ಲ ಒಳಗೆ ಬಂದು ಕೂತಿದ್ದವು. ನಮ್ಮಲ್ಲೂ ಹಾಗೇ ಅಲ್ವಾ? ವಕೀಲ, ಜಾಮೀನು, ಜಪ್ತಿ, ತಕರಾರು, ದಾವೆ. ಯಾವುದೂ ಹಳೇ ಕನ್ನಡದ ಮಾತಲ್ಲ, ಪಾರ್ಸಿ ಅರಬ್ಬಿಯಿಂದ ಆಡಳಿತದ ಜೊತೆ ಬಂದವು. ಇಂಗ್ಲೆಂಡಿನಲ್ಲಿ ಹಸು ಮೇಯಿಸುವವನ ಬಾಯಲ್ಲಿ ಅದು ಕೌ, ದೊರೆಯ ತಟ್ಟೆಗೆ ಬಂದಾಗ ಬೀಫ್. ಫ್ರೆಂಚಿನ ಬೆಫ್. ಆಮೇಲೆ ವಿದ್ವಾಂಸರು ಲ್ಯಾಟಿನ್‌ನಿಂದ ನೇರವಾಗಿ ಇನ್ನಷ್ಟು ಪದ ತಂದರು. ಹಾಗಾಗಿ ಆಸ್ಕ್ ಹಳೇ ಇಂಗ್ಲಿಷ್, ಕ್ವೆಶ್ಚನ್ ಫ್ರೆಂಚ್, ಇಂಟರಾಗೇಟ್ ಲ್ಯಾಟಿನ್. ಬೆಂಕಿ ಅಂದರೆ ಒಲೆ ನೆನಪಾಗುತ್ತದೆ, ಅಗ್ನಿ ಅಂದರೆ ಹೋಮ ನೆನಪಾಗುತ್ತದೆ. ಅದೇ ತರಹ.

ಇಷ್ಟು ಅರ್ಥವಾದ ಮೇಲೆ ಅವೆನ್ಯೂ ರಸ್ತೆಗೆ ಹೋಗಿ 180 ರೂಪಾಯಿಗೆ ಲ್ಯಾಟಿನ್, ಗ್ರೀಕ್ ಮೂಲಪದಗಳ ಒಂದು ಹಳೇ ಪುಸ್ತಕ ತಂದೆ. ದುಡ್ಡಿಗೆ ಮೋಸವಿಲ್ಲ. ಆ್ಯಪ್‌ಗಿಂತ ಖಂಡಿತ ಮೇಲು. ಒಂದು ಬೇರು ಹಿಡಿದರೆ ಹತ್ತು ಪದ ಬರುತ್ತದೆ. ಗ್ರೀಕ್ ಮೂಲದ ಪದಗಳಿಗೆ ಈಗಲೂ ಅದನ್ನೇ ತೆಗೆಯುತ್ತೇನೆ. ತೊಂದರೆ ಏನೆಂದರೆ ಬೇರುಗಳು ಒಂದನ್ನೊಂದು ಹೋಲುತ್ತವೆ. ಪೆಡ್ ಅಂದರೆ ಪೆಡೆಸ್ಟ್ರಿಯನ್‌ನಲ್ಲಿ ಕಾಲು, ಪೀಡಿಯಾಟ್ರಿಕ್ಸ್‌ನಲ್ಲಿ ಮಗು. ಇನ್ ಅಂತ ಮುಂದೆ ಬಂದರೆ "ಅಲ್ಲ" ಅಂತ ಪುಸ್ತಕ ಹೇಳುತ್ತದೆ. ಆದರೆ ಇನ್‌ಫ್ಲೇಮಬಲ್ ಅಂದರೆ ಬೆಂಕಿ ಹಿಡಿಯುವಂಥದ್ದೇ. ಅದಕ್ಕಿಂತ ಮುಖ್ಯವಾಗಿ, ಬೇರುಗಳನ್ನು ಯಾರೂ ಮಾತಾಡುವುದಿಲ್ಲ. ಒಂದು ವಾಕ್ಯದಲ್ಲಿ ಕೇಳಿಸುವುದಿಲ್ಲ. ನನಗೆ ಕಿವಿಗೆ ಬಿದ್ದದ್ದೇ ತಲೆಯಲ್ಲಿ ಉಳಿಯುವುದು.

ಸ್ಪ್ಯಾನಿಷನ್ನು ಎರಡು ತಿಂಗಳು ಮೊಬೈಲಿನಲ್ಲಿ ಉಚಿತವಾಗಿ ನೋಡಿದೆ. ಕನ್ನಡದವರ ನಾಲಿಗೆಗೆ ತುಂಬ ಸುಲಭ. ತ, ದ ನಮ್ಮದೇ. ಬರೆದಂತೆ ಓದುವುದು ಜಾಸ್ತಿ. ಮೇಸಾ ಅಂದರೆ ಮೇಜು, ಪಗಾರ್ ಅಂದರೆ ಹಣ ಕೊಡುವುದು, ನಮ್ಮ ಉತ್ತರ ಕರ್ನಾಟಕದ ಪಗಾರ. ಪಗಾರ ನಮಗೆ ಪೋರ್ಚುಗೀಸರಿಂದ ಬಂದದ್ದು, ಆ ಭಾಷೆ ಸ್ಪ್ಯಾನಿಷ್‌ನ ತಂಗಿ ಇದ್ದ ಹಾಗೆ. ಆದರೆ ಸ್ಪ್ಯಾನಿಷ್‌ನಲ್ಲಿ ಎಷ್ಟೋ ಕಡೆ ಹಳೇ ಫಕಾರ ಹಕಾರವಾಗಿ, ಆ ಹಕಾರವೂ ಬಾಯಲ್ಲಿ ನಿಂತುಹೋಗಿದೆ. ಫರ್ನೇಸ್‌ನ ನೆಂಟ ಓರ್ನೊ ಅಂತ ಕೇಳಿಸುತ್ತದೆ. ಹಳೇ ಕನ್ನಡದ ಪಾಲು ಈಗ ಹಾಲಾದ ಹಾಗೆ. ಇಂಗ್ಲಿಷಿಗೆ ಪದ ಸಾಲ ಕೊಟ್ಟ ಮನೆ ಮುಖ್ಯವಾಗಿ ಫ್ರೆಂಚ್. ಸಾಲ ಕೊಟ್ಟವರ ಮನೆಗೇ ಹೋಗೋಣ ಅನ್ನಿಸಿತು.

ಫ್ರೆಂಚಿನ ವಾರಾಂತ್ಯದ ಕ್ಲಾಸು, ಎ1 ಅಂದರೆ ಮೊದಲ ಹಂತಕ್ಕೆ ಒಟ್ಟು 19,000 ರೂಪಾಯಿ. ನನ್ನ ಸಂಬಳಕ್ಕೆ ಇದು ಸಣ್ಣ ಮೊತ್ತ ಅಲ್ಲ. ಎರಡು ಕಂತಿನಲ್ಲಿ ಕಟ್ಟಿದೆ.

ಕ್ಲಾಸಿನಲ್ಲಿ ಗಲಾಟೆಯಾದರೆ ಮೇಡಂ "ತೆಜೇ ವೂ" ಅನ್ನುತ್ತಿದ್ದರು. ಸುಮ್ಮನಿರಿ ಅಂತ. ಆ ಕ್ರಿಯಾಪದ ಲ್ಯಾಟಿನ್‌ನ ತಾಕೆರೆಯಿಂದ ಬಂದದ್ದು. ಟ್ಯಾಸಿಟರ್ನ್ ಅಂದರೆ ಮಾತು ಕಡಿಮೆಯವನು, ಟ್ಯಾಸಿಟ್ ಅಂದರೆ ಬಾಯಿಬಿಟ್ಟು ಹೇಳದೇ ಒಪ್ಪಿದ್ದು. ಎರಡೂ ಅಲ್ಲಿಂದಲೇ. ಆ್ಯಪ್‌ನಲ್ಲಿ ಹನ್ನೊಂದು ಸಲ ತಪ್ಪಿದ ಪದ ಮೇಡಂ ದನಿಯ ಜೊತೆ ಒಂದೇ ದಿನದಲ್ಲಿ ಉಳಿಯಿತು.

ತಡವಾಗಿ ಬಂದು ಕ್ಷಮಿಸಿ ಅಂದರೆ "ಪಾ ದ ಸೂಸಿ" ಅನ್ನುತ್ತಾರೆ. ಪರವಾಗಿಲ್ಲ ಬಿಡಿ ಅಂತ. ಸೂಸಿ ಅಂದರೆ ಚಿಂತೆ. ಇನ್‌ಸೂಸಿಯಂಟ್ ಅಂದರೆ ಯಾವ ಚಿಂತೆಯೂ ಇಲ್ಲದ. ಮೆಯ್ಯರ್ ಅಂದರೆ ಇನ್ನೂ ಒಳ್ಳೆಯದು, ಅಮೆಲಿಯೊರೆ ಅಂದರೆ ಒಳ್ಳೆಯದು ಮಾಡು, ಅಲ್ಲಿಂದ ಅಮೀಲಿಯರೇಟ್. ಮಾಂತೀರ್ ಅಂದರೆ ಸುಳ್ಳು ಹೇಳು, ಅದನ್ನು ಕೇಳಿದರೆ ಸುಳ್ಳುಬುರುಕ ಅನ್ನುವ ಅರ್ಥದ ಮೆಂಡೇಷಸ್ ನೆನಪಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷೆಗೆ ಮಾತ್ರ ಬರುವ ಪದಗಳ ಬಳಗ ಅಲ್ಲಿ ತರಕಾರಿ ಕೊಳ್ಳುವಾಗಲೂ ಕೇಳಿಸುತ್ತದೆ.

ನಿಯಮಗಳೂ ಕೈಗೆ ಸಿಗುತ್ತವೆ. ಫ್ರೆಂಚ್ ಅಕ್ಷರದ ತಲೆಯ ಮೇಲೆ ಚಿಕ್ಕ ಟೋಪಿ ಕಂಡರೆ, ಎಷ್ಟೋ ಸಲ ಅಲ್ಲೊಂದು ಎಸ್ ಬಿದ್ದುಹೋಗಿದೆ ಅಂತ ಅರ್ಥ. ಫೋರೆ ಅಂದರೆ ಫಾರೆಸ್ಟ್, ಒಪಿತಾಲ್ ಅಂದರೆ ಹಾಸ್ಪಿಟಲ್, ಬೆತ್ ಅಂದರೆ ಬೀಸ್ಟ್. ಪದದ ಮೊದಲಲ್ಲಿ ಎ ಇದ್ದರೂ ಹಾಗೇ. ಎಪೀಸ್ ಸ್ಪೈಸ್, ಎಪೋಂಜ್ ಸ್ಪಾಂಜ್, ಎತ್ರಾಂಜ್ ಸ್ಟ್ರೇಂಜ್. ಹುಲಿ ತಮಿಳಿನಲ್ಲಿ ಪುಲಿ, ಹೂವು ಪೂ ಅಂತ ಒಮ್ಮೆ ತಿಳಿದರೆ ಬೆಂಗಳೂರಿನಲ್ಲಿ ಅರ್ಧ ತಮಿಳು ಊಹಿಸಬಹುದಲ್ವಾ, ಅಂಥದ್ದೇ ಲೆಕ್ಕ. ಮಿಕ್ಸಿ ಡಬ್ಬದ ಮೇಲೆ ನಾವು ನೋಡುವ ಗ್ಯಾರಂಟಿ, ವಾರಂಟಿ ಎರಡೂ ಮೂಲದಲ್ಲಿ ಒಂದೇ ಪದ. ಒಂದು ಪ್ಯಾರಿಸ್ ಕಡೆಯ ಗಕಾರ, ಇನ್ನೊಂದು ನಾರ್ಮಂಡಿಯ ವಕಾರ. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿಯಾಗಿತ್ತು.

ಉಚ್ಚಾರಣೆ ಕಷ್ಟ. ಅಭ್ಯಾಸದಿಂದ ಬರುತ್ತದೆ.

ಬಾರದೇ ಕಾಡಿದ್ದು ಬೇರೆ. ಒಂದೇ ಮುಖದ, ಬೇರೆ ಅರ್ಥದ ಪದಗಳು. ಎ1 ಮುಗಿಯುವ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ನಮ್ಮ ಟೀಮ್ ಲೀಡ್ ಒಂದು ಕಷ್ಟದ ವಿಷಯವನ್ನು ಎಲ್ಲರಿಗೂ ಅರ್ಥವಾಗುವಂತೆ ಹೇಳಿದ್ದರು. ಧನ್ಯವಾದದ ಮೇಲ್‌ನಲ್ಲಿ ಅವರ ವಿವರಣೆಯನ್ನು "ಫ್ಯಾಸೈಲ್" ಅಂತ ಬರೆದೆ. ಫ್ರೆಂಚಿನಲ್ಲಿ ಫಸೀಲ್ ಅಂದರೆ ಸಾಮಾನ್ಯವಾಗಿ ಸುಲಭ ಅಂತ. ಇಂಗ್ಲಿಷಿನಲ್ಲಿ ಅದೇ ಪದಕ್ಕೆ ಮೇಲುಮೇಲಿನ, ಆಳವಿಲ್ಲದ ಅನ್ನುವ ಅರ್ಥ. ಮೇಲ್ ಹತ್ತು ಜನಕ್ಕೆ ಹೋಗಿತ್ತು.

ಅವರು ಸಂಜೆ ಕರೆದು, "ನಿಮಗೆ ನನ್ನ ಮಾತು ಇಷ್ಟವಾಗಲಿಲ್ಲ ಅಂದರೆ ನೇರವಾಗಿ ಹೇಳಬಹುದಿತ್ತು" ಅಂದರು. ದನಿ ಏರಿಸಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ನಾನು ಹೇಳಬೇಕೆಂದಿದ್ದು ಏನು ಅಂತ ವಿವರಿಸಿದೆ. ಅವರು ಒಪ್ಪಿದರು. ಆದರೂ ಒಂದು ವಾರ ಮೇಲ್ ಬರೆಯಲು ಕೈ ಹಿಂಜರಿಯಿತು.

ಆಮೇಲೆ ಹುಡುಕುತ್ತಾ ಹೋದರೆ ಇಂಥವು ಸಾಲುಸಾಲು. ಎವಾಂತ್ಯುಯೆಲ್ಮಾಂ ಅಂದರೆ "ಬೇಕಾಗಬಹುದು, ಬೇಡವೂ ಆಗಬಹುದು". ಇಂಗ್ಲಿಷಿನ ಈವೆಂಚುಯಲಿ ಅಂದರೆ "ಕೊನೆಗಂತೂ ಆಗೇ ಆಗುತ್ತದೆ". ಗಡುವಿನ ಮಾತಾಡುವಾಗ ಇದರಿಂದ ಎಷ್ಟು ಅನಾಹುತ ಆಗಬಹುದು ನೋಡಿ. ಆಕ್ತ್ಯುಯೆಲ್ಮಾಂ ಅಂದರೆ ಸದ್ಯಕ್ಕೆ, ಆ್ಯಕ್ಚುಯಲಿ ಅಲ್ಲ. ದೆಸೆಪ್ಸಿಯೋಂ ಅಂದರೆ ನಿರಾಸೆ, ಇಂಗ್ಲಿಷಿನಲ್ಲಿ ಮೋಸ. ಸಾಂಸೀಬ್ಲ್ ಅಂದರೆ ಸೂಕ್ಷ್ಮ ಮನಸ್ಸಿನ, ಇಂಗ್ಲಿಷಿನಲ್ಲಿ ವಿವೇಕದ. ಸ್ಪ್ಯಾನಿಷ್‌ನಲ್ಲೂ ಇದೇ ಕಥೆ. ಎಂಬರಸಾದಾ ಅಂದರೆ ಮುಜುಗರಗೊಂಡವಳಲ್ಲ, ಬಸುರಿ.

ಆದರೆ ಇದು ನಮಗೆ ಹೊಸದೇನಲ್ಲ. ಹಿಂದಿಯವರು ಅವಸರ್ ಅಂದರೆ ಅವಕಾಶ, ನಮಗೆ ಅವಸರ ಅಂದರೆ ಗಡಿಬಿಡಿ. ಅವರ ಉಪನ್ಯಾಸ್ ಕಾದಂಬರಿ, ನಮ್ಮದು ಭಾಷಣ. ಅವರು ಶಿಕ್ಷಾ ಕೊಟ್ಟರೆ ಮಗು ಓದು ಕಲಿಯುತ್ತದೆ, ನಾವು ಶಿಕ್ಷೆ ಕೊಟ್ಟರೆ ಅಳುತ್ತದೆ. ಆ ಮಾತುಗಳನ್ನು ನಾವು ಬೇರೆಬೇರೆಯಾಗಿಯೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇವಲ್ಲ, ಇವನ್ನೂ ಹಾಗೆ ಇಟ್ಟುಕೊಳ್ಳಬೇಕು. ನಾನು ಒಂದು ಚಿಕ್ಕ ನೋಟ್‌ಬುಕ್ ಮಾಡಿದ್ದೇನೆ. ಎಡಕ್ಕೆ ಫ್ರೆಂಚ್ ವಾಕ್ಯ, ಬಲಕ್ಕೆ ಇಂಗ್ಲಿಷ್ ವಾಕ್ಯ, ನಡುವೆ ಕೆಂಪು ಗೆರೆ. ಪದವನ್ನು ಒಂಟಿಯಾಗಿ ಬರೆಯುವುದಿಲ್ಲ, ವಾಕ್ಯದ ಜೊತೆಗೇ. ಈವರೆಗೆ 64 ಆಗಿವೆ. ಹೊಸ ಪದವನ್ನು ಮೇಲ್‌ನಲ್ಲಿ ಹಾಕುವ ಮುಂಚೆ ಇಂಗ್ಲಿಷ್ ನಿಘಂಟು ನೋಡದೆ ಬಿಡುವುದಿಲ್ಲ.

ಫ್ರೆಂಚ್ ಕೊಡದ ಪದಗಳೂ ಇವೆ. ಗೇನ್‌ಸೇ, ಫರ್ಲಾರ್ನ್, ಫಿಕಲ್, ಕ್ವೆಲ್. ಇವು ಫ್ರೆಂಚ್, ಲ್ಯಾಟಿನ್ ಕಡೆಯಿಂದ ಬಂದವಲ್ಲ. ಇವಕ್ಕೆ ಪಟ್ಟಿಯೇ ಗತಿ.

ಎಂಟು ತಿಂಗಳ ನಂತರ ಮತ್ತೆ ಮಾದರಿ ಪರೀಕ್ಷೆ ಬರೆದೆ. ವರ್ಬಲ್ 155. ಎಲ್ಲ ಫ್ರೆಂಚಿನಿಂದಲೇ ಅಂತ ಹೇಳಲಾರೆ. ಪದ ಗೊತ್ತಾದ ಮೇಲೆ ಇಂಗ್ಲಿಷ್ ಪತ್ರಿಕೆ ಓದುವುದೂ ಜಾಸ್ತಿಯಾಗಿತ್ತು, ಅದರ ಪಾಲೂ ಇದೆ.

ಹಾಗಾದರೆ ಯಾರಿಗೆ ಯಾವುದು? ಪರೀಕ್ಷೆಗೆ ಎರಡೇ ತಿಂಗಳಿದ್ದರೆ ಫ್ರೆಂಚ್ ಸುದ್ದಿಗೇ ಹೋಗಬೇಡಿ, ಕಾರ್ಡು ಹಿಡಿಯಿರಿ. ಐನೂರಕ್ಕಿಂತ ಜಾಸ್ತಿ ಖರ್ಚು ಬೇಡ ಅಂದರೆ ಮೂಲಪದಗಳ ಪುಸ್ತಕ ತನ್ನಿ, ಜೊತೆಗೆ ಮೊಬೈಲಿನಲ್ಲಿ ಉಚಿತ ಸ್ಪ್ಯಾನಿಷ್ ಕಲಿಯಿರಿ. ಒಂದು ವರ್ಷ ಸಮಯ ಇದ್ದು, ನನ್ನ ಹಾಗೆ ನಾಲ್ಕು ಜನರ ಜೊತೆ ಕೂತು, ಬಾಯಿಬಿಟ್ಟು ಮಾತಾಡಿದರೆ ಮಾತ್ರ ಕಲಿಯುವವರಾದರೆ ಕ್ಲಾಸಿಗೆ ಸೇರಿ. ನಾನಂತೂ ಒಂಟಿಯಾಗಿ ಪರದೆ ನೋಡಿಕೊಂಡು ಕಲಿಯುವವಳಲ್ಲ. ಕಲಿತ ಭಾಷೆ ಪರೀಕ್ಷೆ ಮುಗಿದ ಮೇಲೂ ನನ್ನ ಹತ್ತಿರ ಇರುತ್ತದೆ ಅನ್ನುವುದು ಆ 19,000ಕ್ಕೆ ನಾನು ಕೊಟ್ಟುಕೊಂಡ ಸಮಾಧಾನ.

ಆ್ಯಪ್‌ನ ಚಂದಾ ಮುಗಿಯಿತು, ಮತ್ತೆ ಕಟ್ಟಲಿಲ್ಲ. ಈಗ ಎ2 ನಡೆಯುತ್ತಿದೆ. ಕೊಲಂಬಿಯಾದ ಗೆಳತಿಯ ಜೊತೆ ಶುಕ್ರವಾರದ ಕಾಲ್ ಮುಗಿದ ಮೇಲೆ ಹದಿನೈದು ನಿಮಿಷ ಕೂರುತ್ತೇವೆ. ಅವಳು ನನ್ನ ಪಟ್ಟಿಯಿಂದ ಐದು ದೊಡ್ಡ ಪದ ಬಿಡಿಸಿಕೊಡುತ್ತಾಳೆ. ನಾನು ಅವಳಿಗೆ ಪುಟ್ ಅಪ್ ವಿತ್ ತರಹದ ಐದು ಹೇಳಿಕೊಡುತ್ತೇನೆ. ಹೋದ ವಾರ "ಟರ್ನ್ ಡೌನ್" ಆಯಿತು, ಈ ವಾರ "ಕಾಲ್ ಆಫ್".