ವಾಸನೆ ಕಿಟ್ ಬಳಸಿದ ಮೇಲೆ: ಮಿಡಿ ಉಪ್ಪಿನಕಾಯಿ ಹಾಕುವವಳ ಅನುಭವ

ನಾನು ಶಿರಸಿ ಹತ್ತಿರದ ಹಳ್ಳಿಯವಳು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುತ್ತೇನೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ಮೂಸಿದರೆ ಸಾಕು, ಜೀರಿಗೆ ಮಿಡಿಯೋ ಕರ್ಪೂರದ ಮಿಡಿಯೋ ಗೊತ್ತಾಗುತ್ತಿತ್ತು. 2021ರ ಮೇ ತಿಂಗಳಲ್ಲಿ ಕೊರೊನಾ ಬಂತು. ಜ್ವರ ಎಂಟು ದಿನಕ್ಕೆ ಬಿಟ್ಟಿತು, ವಾಸನೆ ಮಾತ್ರ ವಾಪಸ್ ಬರಲಿಲ್ಲ. ಒಲೆ ಪಕ್ಕ ನಿಂತೇ ಇದ್ದೆ, ಹಾಲು ತಳ ಹಿಡಿದದ್ದು ತಿಳಿಯಲಿಲ್ಲ. ಮೂರು ತಿಂಗಳ ಮೇಲೆ ಕಾಫಿ, ಈರುಳ್ಳಿ ಒಗ್ಗರಣೆ ಎಲ್ಲ ಸುಟ್ಟ ರಬ್ಬರಿನ ಹಾಗೆ ನಾರತೊಡಗಿತು.

ಕಿವಿ-ಮೂಗು-ಗಂಟಲಿನ ಡಾಕ್ಟರು ಬಿಡಿಸಿ ಹೇಳಿದರು. ಮೂಗಿನ ಮೇಲ್ಗಡೆ ವಾಸನೆ ಹಿಡಿಯುವ ನರಕೋಶಗಳಿವೆ. ಅವುಗಳ ಎಳೆಗಳು ಜರಡಿಯಂಥ ತೆಳ್ಳನೆ ಎಲುಬಿನ ತೂತುಗಳಲ್ಲಿ ಹಾದು ಸೀದಾ ಮಿದುಳಿಗೆ ಹೋಗುತ್ತವೆ. ಈ ವೈರಸ್ ಹೆಚ್ಚಾಗಿ ಹೊಗುವುದು ಆ ನರಕೋಶಗಳಿಗಲ್ಲ, ಅವಕ್ಕೆ ಆಸರೆಯಾಗಿರುವ ಪಕ್ಕದ ಕೋಶಗಳಿಗೆ. ಆಸರೆ ಹೋದರೆ ನರವೂ ಸೊರಗುತ್ತದೆ. ಆದರೆ ಇವು ಮತ್ತೆ ಹುಟ್ಟುವ ನರಕೋಶಗಳು. ಹೊಸ ಎಳೆಗಳು ಸರಿಯಾಗಿ ಕೂಡಿಕೊಳ್ಳುವ ತನಕ ವಾಸನೆ ಅದಲುಬದಲಾಗಬಹುದಂತೆ. ಕೇಳಿ ಅತ್ತುಬಿಟ್ಟೆ. ನನ್ನ ಭ್ರಮೆ ಅಲ್ಲ ಅಂತ ಗೊತ್ತಾಯಿತಲ್ಲ!

ದಿನಾ ಮೂಸಿ ಮೂಸಿ ಮೂಗಿಗೆ ವಾಸನೆಯ ಅಭ್ಯಾಸ ಮಾಡಿಸಬೇಕು ಅಂತ ಅವರು ಹೇಳಿದ ಮೇಲೆ ಆನ್‌ಲೈನಿನಲ್ಲಿ ಅದರ ಕಿಟ್ ತರಿಸಿದೆ. ನಾಲ್ಕು ಪುಟ್ಟ ಬಾಟಲಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಜರ್ಮನಿಯ ಸಂಶೋಧಕ ಥಾಮಸ್ ಹಮ್ಮಲ್ ಮತ್ತು ಜೊತೆಯವರು 2009ರಲ್ಲಿ ಪ್ರಕಟಿಸಿದ ಅಭ್ಯಾಸವೂ ಇದೇ ನಾಲ್ಕರದ್ದು, ದಿನಕ್ಕೆ ಎರಡು ಸಲ, 12 ವಾರ. ನಾನು ಒಂದೊಂದನ್ನೂ 20 ಸೆಕೆಂಡು ಮೂಸುತ್ತಿದ್ದೆ. ಮೂಸುವಾಗ ಆ ವಾಸನೆಯನ್ನು ನೆನಪಿಗೆ ತಂದುಕೊಳ್ಳಬೇಕು. ಸುಮ್ನೆ ಮೂಸಿದರೆ ಸಾಲದು.

ಕಿಟ್‌ನ ದೊಡ್ಡ ತೊಂದರೆ ಮುಚ್ಚಳದ್ದು. ತಿಂಗಳಾದರೂ ನಿಂಬೆ ಬಾಟಲಿಯಲ್ಲಿ ಏನೂ ಸಿಗಲಿಲ್ಲ. ನನ್ನ ಮೂಗೇ ಸರಿಯಿಲ್ಲ ಅಂದುಕೊಂಡೆ. ಒಂದು ದಿನ ಮಗಳ ಕೈಗೆ ಕೊಟ್ಟೆ. "ಅಮ್ಮಾ, ಇದ್ರಲ್ಲಿ ವಾಸನೆನೇ ಇಲ್ಲ" ಅಂದಳು. ಮುಚ್ಚಳ ಬಿಗಿ ಇಲ್ಲದೆ ಎಣ್ಣೆ ಯಾವಾಗಲೋ ಆರಿಹೋಗಿತ್ತು. ವಾಸನೆ ಕಳೆದುಕೊಂಡವರಿಗೇ ಮಾರುವ ಸಾಮಾನು, ಖಾಲಿಯಾದದ್ದು ಅವರಿಗೆ ತಿಳಿಯುವುದಾದರೂ ಹೇಗೆ? ದಿನಾಂಕವೂ ಇರಲಿಲ್ಲ. ಕಂಪನಿಗೆ ಬರೆದೆ, ಉತ್ತರ ಬರಲಿಲ್ಲ. ಆಮೇಲೆ ಹಿತ್ತಲಿನ ನಿಂಬೆಹಣ್ಣಿನ ಸಿಪ್ಪೆಯನ್ನೇ ತುರಿದು ಮೂಸಿದೆ. ಲವಂಗವಂತೂ ಮನೆಯಲ್ಲೇ ಇತ್ತು.

ಅಭ್ಯಾಸಕ್ಕೆ ಐದಕ್ಕೆ ಐದು, ಈ ಕಿಟ್‌ಗೆ ಎರಡು. ತರಿಸಲೇಬೇಕೆಂದರೆ ವಾರಕ್ಕೊಮ್ಮೆ ಮನೆಯ ಬೇರೆಯವರ ಹತ್ತಿರ ಮೂಸಿಸಿ ನೋಡಿ.

ಮೊದಲು ಬಂದದ್ದು ಲವಂಗ, ಹತ್ತನೇ ವಾರದಲ್ಲಿ. ಮುಂದಿನ ಮಾರ್ಚ್‌ನಲ್ಲಿ ಅತ್ತೆ ಮಿಡಿಯ ತೊಟ್ಟು ಮುರಿದು ಮೂಗಿನ ಹತ್ತಿರ ಹಿಡಿದರು. "ವಾಸನೆ ಬಂತನೇ?" ಜೀರಿಗೆ ಬಂತು. ಕರ್ಪೂರದ್ದು ಮಾತ್ರ ಇವತ್ತಿಗೂ ಅವರನ್ನೇ ಕೇಳುತ್ತೇನೆ.