ಜೋಗದ ರೀಲ್ ವಾಲ್‌ಪೇಪರ್ ಮಾಡಲು ಹೋಗಿ ಅಮ್ಮನ ₹2,094 ಕಳೆದೆ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. "ಗೊತ್ತಿಲ್ಲದ ಲಿಂಕ್ ಒತ್ತಬೇಡಮ್ಮ, ಯಾರು ಕೇಳಿದರೂ ಪಿನ್ ಹಾಕಬೇಡಮ್ಮ" ಅಂತ ಅಮ್ಮನಿಗೆ ವಾರಕ್ಕೆರಡು ಸಲ ಪಾಠ ಮಾಡುವವನು ನಾನು. ಕೊನೆಗೆ ಅಮ್ಮನ ಕೈಯಲ್ಲಿ ಪಿನ್ ಒತ್ತಿಸಿದವನೂ ನಾನೇ.

ಜುಲೈ ಎರಡನೇ ವಾರ. ಸಾಗರದ ಕಡೆ ಮಳೆ ಹಿಡಿದುಕೊಂಡಿತ್ತು. ಅಕ್ಕನ ಮಗ ಗೆಳೆಯರ ಜೊತೆ ಜೋಗಕ್ಕೆ ಹೋಗಿದ್ದ. ಎರಡು ಗಂಟೆ ಕಾದ ಮೇಲೆ ಮಂಜು ಸರಿಯಿತಂತೆ. ಆ ಗಳಿಗೆಯಲ್ಲಿ ತೆಗೆದ ವಿಡಿಯೊವನ್ನು ಇನ್‌ಸ್ಟಾಗ್ರಾಂಗೆ ಹಾಕಿದ್ದ. ಬರೀ 12 ಸೆಕೆಂಡಿನ ರೀಲ್. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ತುಂಬಿಕೊಂಡು 253 ಮೀಟರ್ ಆಳಕ್ಕೆ ಧುಮುಕುತ್ತಿದ್ದವು. ಬೇಸಿಗೆಯಲ್ಲಿ ಅಲ್ಲಿಗೆ ಹೋದವರಿಗೆ ಗೊತ್ತು, ಬಂಡೆ ಮೇಲೆ ದಾರದಂಥ ಎಳೆ ಬಿಟ್ಟರೆ ಏನೂ ಇರುವುದಿಲ್ಲ. ಅಮ್ಮ ಜೋಗ ನೋಡಿದ್ದು ಮದುವೆಯಾದ ಹೊಸತರಲ್ಲಿ, ಅಪ್ಪನ ಜೊತೆ. ಈಗ ಮಂಡಿನೋವು, ಅಷ್ಟು ದೂರ ಆಗುವುದಿಲ್ಲ. ಹಾಗಾಗಿ ಆ ರೀಲನ್ನೇ ದಿನಕ್ಕೆ ಹತ್ತು ಸಲ ನೋಡುತ್ತಿದ್ದರು. ನಾನು ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋದ ಶನಿವಾರ ಕೇಳಿದರು: "ಫೋನ್ ತೆಗೆದ ಕೂಡಲೆ ಈ ನೀರು ಬೀಳೋ ಹಂಗೆ ಮಾಡಕ್ಕಾಗತ್ತೇನೋ?"

ಆಗದೆ ಏನು, ಐದು ನಿಮಿಷದ ಕೆಲಸ ಅಂದೆ.

ಮೊದಲು ವಿಡಿಯೊ ಇಳಿಸಬೇಕಿತ್ತು. ಇನ್‌ಸ್ಟಾಗ್ರಾಂನಲ್ಲೇ ಡೌನ್‌ಲೋಡ್ ಇದೆ. ಪಬ್ಲಿಕ್ ಖಾತೆಯ ರೀಲ್‌ಗಳನ್ನು ಇಳಿಸಿಕೊಳ್ಳುವ ಸೌಲಭ್ಯ 2023ರ ನವೆಂಬರ್‌ನಿಂದ ಎಲ್ಲ ದೇಶಗಳಿಗೂ ಬಂದಿದೆ. ಆದರೆ ಹಾಗೆ ಇಳಿಸಿದರೆ ಖಾತೆಯ ಹೆಸರಿನ ಮುದ್ರೆ ವಿಡಿಯೊ ಮೇಲೆ ಉಳಿಯುತ್ತದೆ. ಜಲಪಾತದ ಮೇಲೆ ಆ ಹುಡುಗನ ಹೆಸರು ಯಾಕೆ ಅಂತ ನನಗೊಂದು ಹಟ. ಮುದ್ರೆ ಇಲ್ಲದೆ ಇಳಿಸಿಕೊಡುತ್ತೇವೆ ಅನ್ನುವ ಒಂದು ಸೈಟಿಗೆ, ಅಮ್ಮನ ಫೋನಿನಿಂದಲೇ ಹೋದೆ. ಅಲ್ಲಿ ನಾಲ್ಕು ಡೌನ್‌ಲೋಡ್ ಬಟನ್. ಮೂರು ಜಾಹೀರಾತು, ಒಂದು ನಿಜವಾದದ್ದು. ನಡುವೆ "ನೋಟಿಫಿಕೇಶನ್ ಕಳಿಸಲಾ?" ಅಂತ ಬ್ರೌಸರ್ ಕೇಳಿತು. ಅದು ಹೋದರೆ ಸಾಕು ಅಂತ "ಅಲೋ" ಒತ್ತಿದೆ. ನೆನಪಿಟ್ಟುಕೊಳ್ಳಿ, ಇದು ಮುಂದೆ ಬರುತ್ತದೆ.

ಆಮೇಲೆ, ರೀಲನ್ನು ವಾಲ್‌ಪೇಪರ್ ಮಾಡುವುದು ಹೇಗೆ ಅಂತ ಹುಡುಕಿದೆ. ಸಿಕ್ಕ ಅರ್ಧಕ್ಕರ್ಧ ಉತ್ತರಗಳು ಟಿಕ್‌ಟಾಕ್‌ನವು. ಟಿಕ್‌ಟಾಕ್‌ನಲ್ಲಿ ವಿಡಿಯೊವನ್ನು ನೇರವಾಗಿ ವಾಲ್‌ಪೇಪರ್ ಮಾಡುವ ಆಯ್ಕೆ ಇತ್ತು, ಆಂಡ್ರಾಯ್ಡ್‌ನಲ್ಲಿ ಅದಕ್ಕೊಂದು ಜೊತೆ ಆ್ಯಪ್ ಬೇಕಿತ್ತು. ಇಲ್ಲಿ 2020ರ ಜೂನ್ 29ಕ್ಕೆ ಆ ಕಥೆ ಮುಗಿಯಿತು, ಅವತ್ತು ನಿಷೇಧವಾದ 59 ಆ್ಯಪ್‌ಗಳಲ್ಲಿ ಅದೂ ಒಂದು. ಅದಾದ ಕೆಲವೇ ದಿನಕ್ಕೆ "ಟಿಕ್‌ಟಾಕ್ ಪ್ರೊ" ಅನ್ನುವ ನಕಲಿ ಆ್ಯಪ್‌ನ ಲಿಂಕ್ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ್ದು ನಿಮಗೂ ನೆನಪಿರಬಹುದು. ಬಾಗಿಲು ಮುಚ್ಚಿದ ಅಂಗಡಿ ಮುಂದೆ ಅದೇ ಬೋರ್ಡ್ ಹಿಡಿದು ನಿಲ್ಲುವವರು ಯಾವಾಗಲೂ ಇರುತ್ತಾರೆ. ನಾನು ಅವುಗಳ ತಂಟೆಗೆ ಹೋಗಲಿಲ್ಲ. ಪ್ಲೇ ಸ್ಟೋರ್‌ನಿಂದಲೇ ವಿಡಿಯೊ ವಾಲ್‌ಪೇಪರ್ ಆ್ಯಪ್ ಒಂದನ್ನು ಹಾಕಿದೆ. ಹೆಸರು ಹೇಳುವುದಿಲ್ಲ. ಅಂಥವು ಹೆಸರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತವೆ, ಹೆಸರು ತಿಳಿದು ಪ್ರಯೋಜನ ಕಡಿಮೆ.

ಆ್ಯಪ್ ತೆರೆದ ಕೂಡಲೆ ಫೋಟೊ, ವಿಡಿಯೊ ನೋಡಲು ಅನುಮತಿ ಕೇಳಿತು. ಕೊಟ್ಟೆ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳಲು ಅನುಮತಿ ಕೇಳಿತು. ವಾಲ್‌ಪೇಪರ್‌ಗೆ ಬೇಕೇನೋ ಅಂದುಕೊಂಡು ಅದನ್ನೂ ಕೊಟ್ಟೆ. ಅಡುಗೆಮನೆಯಿಂದ "ಕಾಫಿ ಆರ್ತಾ ಇದೆ" ಅಂತ ಕೂಗು. ಅಷ್ಟರಲ್ಲಿ ಪರದೆ ತುಂಬ ಬಣ್ಣ ಬಣ್ಣದ ಪುಟ ಬಂತು, 3 ದಿನ ಉಚಿತ ಅಂತ. ಅದನ್ನು ಮುಚ್ಚುವ ಗುಣಿಸು ಗುರುತು ಮೂಲೆಯಲ್ಲಿ ಬಿಳಿ ಮೇಲೆ ತಿಳಿ ಬೂದು. ಅದು ನನಗೆ ಕಂಡಿದ್ದು ಆರು ವಾರ ಬಿಟ್ಟು, ಎರಡನೇ ಸಲ ನೋಡಿದಾಗ. ಮುಂದುವರಿಸು ಒತ್ತಿದೆ. ಪ್ಲೇ ಸ್ಟೋರ್‌ನ ಚೀಟಿ ಬಂತು. ಇವತ್ತು ಸೊನ್ನೆ, 15ನೇ ತಾರೀಖಿನಿಂದ ವಾರಕ್ಕೆ ₹349 ಅಂತ ಅದರಲ್ಲಿ ಬರೆದಿತ್ತು. ಬರೆದೇ ಇತ್ತು, ಸುಳ್ಳು ಹೇಳಬಾರದು. ನನ್ನ ಕಣ್ಣು ಸೊನ್ನೆ ಮೇಲೆ ನಿಂತಿತು. ಯುಪಿಐ ಪಿನ್ ಕೇಳಿತು.

"ಪಿನ್ ಯಾಕೋ?" ಅಂದರು ಅಮ್ಮ.

"ಸುಮ್ನೆ ಹಾಕಮ್ಮ, ಸೊನ್ನೆ ರೂಪಾಯಿ ಅದು."

ಹಾಕಿದರು. ವಾಲ್‌ಪೇಪರ್ ಬಂತು. ಚೆನ್ನಾಗೇ ಇತ್ತು ಅನ್ನಿ, ಪೂರ್ತಿ ಅಲ್ಲ. ರೀಲ್ ಇರುವುದು 9ಕ್ಕೆ 16ರ ಅಳತೆಯಲ್ಲಿ. ಈಗಿನ ಫೋನ್ ಪರದೆಗಳು ಜಾಸ್ತಿ ಉದ್ದ, ಹೆಚ್ಚುಕಡಿಮೆ 9ಕ್ಕೆ 20. ಎತ್ತರಕ್ಕೆ ಹಿಗ್ಗಿಸಿದಾಗ ಅಗಲದಲ್ಲಿ ಐದರಲ್ಲೊಂದು ಪಾಲು ಕತ್ತರಿಸಿ ಹೋಗುತ್ತದೆ. ಅಂಚಿನ ಕವಲು ಹೋಯಿತು, ಉಳಿದದ್ದರ ಮೇಲೆ ವಾಟ್ಸ್‌ಆ್ಯಪ್, ಕ್ಯಾಮೆರಾ, ಪಂಚಾಂಗದ ಐಕಾನ್‌ಗಳು ಕೂತವು. ಅಮ್ಮನಿಗೆ ಅಷ್ಟೇ ಸಾಕಾಗಿತ್ತು. ಪಕ್ಕದ ಮನೆಯವರಿಗೂ ತೋರಿಸಿ ಬಂದರು.

ಮಂಗಳವಾರದಿಂದ ಫೋನ್ ಶುರುವಾಯಿತು. "ಫೋನ್‌ನಲ್ಲಿ 13 ವೈರಸ್ ಇದೆ ಅಂತ ಬರ್ತಿದೆ ಕಣೋ." ಆ "ಅಲೋ" ಒತ್ತಿದ್ದರ ಫಲ ಅದು. ವೈರಸ್ಸೂ ಇಲ್ಲ ಏನೂ ಇಲ್ಲ, ಆ ಸೈಟ್ ಬ್ರೌಸರ್ ಮೂಲಕ ಕಳಿಸುತ್ತಿದ್ದ ಜಾಹೀರಾತು. ಕ್ರೋಮ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯಲ್ಲಿ ಆ ಸೈಟನ್ನು ತೆಗೆದರೆ ನಿಂತುಹೋಗುತ್ತದೆ. ಆಮೇಲೆ, ಸಂಜೆ ನಾಲ್ಕಕ್ಕೇ ಚಾರ್ಜ್ ಖಾಲಿ. ಆಮೇಲೆ, ಫೋನ್ ಎತ್ತಲು ಹೋದರೆ ಯಾವುದೋ ಆಟದ ಜಾಹೀರಾತು ಪರದೆ ತುಂಬ ಬಂದು ಹಸಿರು ಬಟನ್ನೇ ಮುಚ್ಚಿಹೋಗುವುದು. ಅಕ್ಕ ಎರಡು ಸಲ ಕರೆ ಮಾಡಿ, ಅಮ್ಮ ಎತ್ತಲಿಲ್ಲ ಅಂತ ಗಾಬರಿಯಾಗಿ ಪಕ್ಕದ ಮನೆಗೆ ಫೋನ್ ಮಾಡಿದ್ದಳು. ನಾನು ಆಫೀಸಿನಿಂದ ಕೊಟ್ಟ ಸಲಹೆ: "ಒಂದ್ಸಲ ಆಫ್ ಮಾಡಿ ಆನ್ ಮಾಡಮ್ಮ."

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಬಾಗಿನದ ಸಾಮಾನಿಗೆ ದುಡ್ಡು ಕಳಿಸಲು ಅಮ್ಮನ ಯುಪಿಐ ತೆರೆದರೆ ಅವತ್ತು ಬೆಳಿಗ್ಗೆಯಷ್ಟೇ ₹349 ಹೋಗಿತ್ತು. ಹಿಂದಿನ ಮಂಗಳವಾರ ₹349. ಅದರ ಹಿಂದಿನ ಮಂಗಳವಾರವೂ. ಒಟ್ಟು ಏಳು. ಕುಟುಂಬ ಪಿಂಚಣಿ ಬರುವ ಖಾತೆ ಅದು.

"ಗೊತ್ತಿತ್ತಾ ಅಮ್ಮ?"

ಗೊತ್ತಿತ್ತು. ಮೊದಲು ಬ್ಯಾಂಕಿನವರ ಯಾವುದೋ ಚಾರ್ಜ್ ಅಂದುಕೊಂಡಿದ್ದರಂತೆ. ಮೂರನೇ ಸಲಕ್ಕೆ ತಾನೇ ಏನೋ ತಪ್ಪು ಒತ್ತಿರಬೇಕು ಅನ್ನಿಸಿತಂತೆ. "ಹೇಳಿದರೆ ಮತ್ತೆ ನೀನು ಪಾಠ ಶುರುಮಾಡ್ತಿದ್ದೆ." ಇದನ್ನು ಕೇಳಿದ ಮೇಲೆ ದುಡ್ಡಿನ ವಿಷಯ ಚಿಕ್ಕದಾಯಿತು.

ಈ ಕಡಿತ ನಡೆಯುವ ರೀತಿ ತಿಳಿದಿರಲಿ. ಇದು ಯುಪಿಐ ಆಟೋಪೇ. ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ, ₹15,000 ಒಳಗಿನ ಇಂಥ ಕಂತುಗಳಿಗೆ ಮತ್ತೆ ಪಿನ್ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮುಂಚೆ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ತಿಳಿಸಿದ್ದರು ಕೂಡ, ಪ್ರತಿ ಸೋಮವಾರ, ಇಂಗ್ಲಿಷ್‌ನಲ್ಲಿ. ಪ್ರಜಾವಾಣಿಯನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ಅಮ್ಮನಿಗೆ ಆ ಮೆಸೇಜ್ ಇದ್ದೂ ಇಲ್ಲದ ಹಾಗೆ.

ಸಿಟ್ಟಿನಲ್ಲಿ ಆ್ಯಪ್ ಕಿತ್ತುಹಾಕಲು ಹೋಗಿದ್ದೆ, ಸದ್ಯ ಅಕ್ಕನ ಮಗ ತಡೆದ. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಬಲ ಮೇಲಿನ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್ ಒಳಗೆ ಹೋಗಿ ಅಲ್ಲಿ ರದ್ದು ಮಾಡಬೇಕು. ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲೂ ಒಮ್ಮೆ ಇಣುಕಿ ನೋಡಿ, ಅಲ್ಲಿ ಮರೆತ ಒಪ್ಪಿಗೆಗಳು ಇನ್ನೂ ಇರುತ್ತವೆ. ಕಡಿತವಾಗಿ 48 ಗಂಟೆ ದಾಟದಿದ್ದರೆ ಗೂಗಲ್‌ಗೇ ರಿಫಂಡ್ ಕೇಳಬಹುದು. ಅವತ್ತಿನ ₹349 ಹಾಗೆ ವಾಪಸ್ ಬಂತು. ಹಿಂದಿನ ಆರಕ್ಕೆ ಆ್ಯಪ್ ಮಾಡಿದವರನ್ನೇ ಕೇಳಿ ಅಂದರು. ಕೇಳಿದೆ, ಮೇಲ್ ಹೋದಷ್ಟೇ ವೇಗವಾಗಿ ತಿರುಗಿ ಬಂತು. ₹2,094 ಗೋವಿಂದ.

ಆ ರಾತ್ರಿ ಕೂತು ಓದಿಕೊಂಡಾಗ ತಿಳಿದದ್ದು, ಮೊದಲೇ ತಿಳಿದಿರಬೇಕಾಗಿದ್ದು ಇದು. ಸಾಮಾನ್ಯ ವಾಲ್‌ಪೇಪರ್ ಒಂದು ಚಿತ್ರ. ಲೈವ್ ವಾಲ್‌ಪೇಪರ್ ಚಿತ್ರ ಅಲ್ಲ, ಅದೊಂದು ಓಡುತ್ತಿರುವ ಪ್ರೋಗ್ರಾಂ. 2010ರಲ್ಲಿ ಆಂಡ್ರಾಯ್ಡ್ 2.1 ಜೊತೆ ಬಂದಾಗಿನಿಂದಲೂ ಹಾಗೇ. ಫೋನ್ ಆನ್ ಆದ ಕೂಡಲೆ ಸಿಸ್ಟಮ್ ತಾನೇ ಅದನ್ನು ಎಬ್ಬಿಸಿ ಕೂರಿಸುತ್ತದೆ. ಅಂದರೆ ನಾನು ಅಮ್ಮನಿಗೆ ಪುನಃ ಪುನಃ ಆನ್ ಮಾಡು ಅಂದಾಗಲೆಲ್ಲ ಆ ಪುಣ್ಯಾತ್ಮನನ್ನು ಹೊಸದಾಗಿ ಎಬ್ಬಿಸುತ್ತಿದ್ದೆ! ವಾಲ್‌ಪೇಪರ್ ಕಾಣದಿರುವಾಗ "ಈಗ ನಿನ್ನನ್ನು ಯಾರೂ ನೋಡುತ್ತಿಲ್ಲ" ಅಂತ ಆಂಡ್ರಾಯ್ಡ್ ಅದಕ್ಕೆ ಹೇಳುತ್ತದೆ. ಆಗ ವಿಡಿಯೊ ನಿಲ್ಲಿಸುವುದು ಬಿಡುವುದು ಆ್ಯಪ್ ಬರೆದವರ ಮರ್ಯಾದೆಗೆ ಬಿಟ್ಟದ್ದು. ಚೆನ್ನಾಗಿ ಬರೆದ ಆ್ಯಪ್‌ ಅಷ್ಟಾಗಿ ಬ್ಯಾಟರಿ ತಿನ್ನುವುದಿಲ್ಲ. ನಮ್ಮದು ತಿಂದಿತು.

ವಿಡಿಯೊ ಓಡಿಸಲು ಅದಕ್ಕೆ ಬೇಕಾಗಿರುವುದು ನೀವು ಆರಿಸಿದ ಆ ಒಂದು ವಿಡಿಯೊ, ಅಷ್ಟೇ. ಎಸ್‌ಎಂಎಸ್ ಬೇಡ, ಕಾಂಟ್ಯಾಕ್ಟ್ಸ್ ಬೇಡ, ನೋಟಿಫಿಕೇಶನ್ ಓದುವ ಅನುಮತಿ ಬೇಡ. ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವುದಂತೂ ಬೇಡವೇ ಬೇಡ. ವಾಲ್‌ಪೇಪರ್ ಇರುವುದು ಎಲ್ಲದರ ಹಿಂದೆ ಅಲ್ವಾ, ಮುಂದೆ ಬರಲು ಅನುಮತಿ ಯಾಕೆ? ಇಷ್ಟು ಸಣ್ಣ ಪ್ರಶ್ನೆ ಅವತ್ತು ನನ್ನ ತಲೆಗೆ ಬರಲಿಲ್ಲ. ಕರೆ ಎತ್ತಲು ಬಿಡದ ಜಾಹೀರಾತು ಬಂದದ್ದು ಆ ಬಾಗಿಲಿಂದಲೇ.

ಹಾಗಂತ ನಿಂತ ಚಿತ್ರ ಪೂರ್ತಿ ಸಾಧು ಅಂತಲೂ ಅಲ್ಲ. 2020ರಲ್ಲಿ ಅಮೆರಿಕದ ಮೊಂಟಾನಾದ ಸರೋವರವೊಂದರ ಸುಂದರ ಫೋಟೊವನ್ನು ವಾಲ್‌ಪೇಪರ್ ಮಾಡಿಕೊಂಡವರ ಆಂಡ್ರಾಯ್ಡ್ 10 ಫೋನ್‌ಗಳು ಆನ್ ಆಗಿ ಆಫ್ ಆಗಿ ಒದ್ದಾಡಿದ್ದವು. ಫೋಟೊದ ಬಣ್ಣದ ಲೆಕ್ಕ ಫೋನಿಗೆ ಅರಗಿರಲಿಲ್ಲ. ಅದು ಮೋಸ ಅಲ್ಲ, ಆಕಸ್ಮಿಕ. ನಮ್ಮ ಕಥೆಯೇ ಬೇರೆ.

ಇಷ್ಟೆಲ್ಲ ಆದ ಮೇಲೂ ಹಬ್ಬಕ್ಕೆ ಬಂದ ಭಾವ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಅಂಥದ್ದೇ ಇನ್ನೊಂದು ವಾಲ್‌ಪೇಪರ್ ಆ್ಯಪ್‌ನ "ಫ್ರೀ ಪ್ರೊ" ಎಪಿಕೆ (ಪ್ಲೇ ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಕಳಿಸಿದರು, ಇದರಲ್ಲಿ ದುಡ್ಡೇ ಹೋಗಲ್ಲ ನೋಡು ಅಂತ. ನನ್ನ ಹಳೆಯ ಫೋನ್‌ನಲ್ಲಿ, ಸಿಮ್ ತೆಗೆದು, ಕುತೂಹಲಕ್ಕೆ ಹಾಕಿ ನೋಡಿದೆ. ನೀವು ಇದನ್ನೂ ಮಾಡಬೇಡಿ. ಅದು ನೇರವಾಗಿ ಆಕ್ಸೆಸಿಬಿಲಿಟಿ ಅನುಮತಿಗೇ ಕೈ ಹಾಕಿತು. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವಂಥ ಆ್ಯಪ್‌ಗಳಿಗಾಗಿ ಇರುವ ಅನುಮತಿ ಅದು. ಕೊಟ್ಟರೆ ಪರದೆ ಮೇಲಿರುವುದನ್ನೆಲ್ಲ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಬಹುದು. ಆಂಡ್ರಾಯ್ಡ್ 13ರಿಂದ ಈಚೆಗೆ, ಹೀಗೆ ಹೊರಗಿನಿಂದ ಹಾಕಿದ ಆ್ಯಪ್‌ಗಳಿಗೆ ಆ ಅನುಮತಿಯನ್ನು ಫೋನೇ ತಡೆಯುತ್ತದೆ. ಆ ತಡೆಯನ್ನು ದಾಟುವುದು ಹೇಗೆ ಅಂತ ಚಿತ್ರ ಸಮೇತ ಆ ಆ್ಯಪ್ ನನಗೆ ಕಲಿಸಲು ಬಂತು! ಮದುವೆ ಕರೆಯೋಲೆ ಅಂತ ಎಪಿಕೆ ಕಳಿಸಿ ಖಾತೆ ಬರಿದು ಮಾಡುವವರ ಸುದ್ದಿ ಓದಿರುತ್ತೀರಲ್ಲ, ವಾಲ್‌ಪೇಪರ್ ಅಂತ ಬಂದರೂ ಅದೇ ಜಾತಿ. ಯಾರಾದರೂ ಅದನ್ನು ಹಾಕಿ ಹಣ ಹೋಗಿದ್ದರೆ ಮೊದಲು ಇಂಟರ್‌ನೆಟ್ ಆಫ್ ಮಾಡಿ, ಬೇರೆ ಫೋನಿಂದ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಆ್ಯಪ್ ಕಿತ್ತುಹಾಕಲು ಬಿಡದಿದ್ದರೆ ಸೇಫ್ ಮೋಡ್‌ನಲ್ಲಿ (ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಸ್ಥಿತಿ) ಫೋನ್ ಆನ್ ಮಾಡಿ ಪ್ರಯತ್ನಿಸಿ.

ಇನ್ನು ಹೊಟ್ಟೆ ಉರಿಸುವ ವಿಷಯ. ಅಮ್ಮನದ್ದು ಸ್ಯಾಮ್‌ಸಂಗ್ ಫೋನ್. ಆ ಕಂಪನಿಯ ಕೆಲವು ಮಾಡೆಲ್‌ಗಳಲ್ಲಿ, ಗ್ಯಾಲರಿಯಲ್ಲಿ ವಿಡಿಯೊ ತೆರೆದು ವಾಲ್‌ಪೇಪರ್ ಮಾಡು ಅಂತ ಒತ್ತಿದರೆ ಲಾಕ್ ಸ್ಕ್ರೀನ್‌ಗೆ ಅದೇ ಬಂದು ಕೂರುತ್ತದೆ. 15 ಸೆಕೆಂಡ್ ಮಿತಿ ಇದೆ. ನಮ್ಮದು 12. ಬೇರೆ ಯಾವ ಆ್ಯಪ್ಪೂ ಬೇಡ, ಪಿನ್ನೂ ಬೇಡ. ಐಫೋನ್ ಇರುವವರಿಗೂ ಆ್ಯಪಲ್‌ನದೇ ದಾರಿ ಇದೆ. ಐಒಎಸ್ 16ರಲ್ಲಿ ಚಲಿಸುವ ವಾಲ್‌ಪೇಪರ್ ತೆಗೆದುಹಾಕಿದ್ದರು, 17ರಲ್ಲಿ ಲೈವ್ ಫೋಟೊ ಲಾಕ್ ಸ್ಕ್ರೀನ್‌ಗೆ ವಾಪಸ್ ಬಂತು.

ಮುದ್ರೆ ಇಲ್ಲದ ವಿಡಿಯೊ? ಅಕ್ಕನ ಮಗ ಹಬ್ಬದ ಹೋಳಿಗೆ ತಿನ್ನುತ್ತಾ ಅಲ್ಲೇ ಕೂತಿದ್ದ. "ಮಾಮ, ನನ್ನ ಹತ್ರ ಒರಿಜಿನಲ್ಲೇ ಇತ್ತಲ್ಲ, ಒಂದು ಮೆಸೇಜ್ ಹಾಕಿದ್ರೆ ಕಳಿಸ್ತಿದ್ದೆ" ಅಂದ. ಕಳಿಸಿದ. ಎರಡು ನಿಮಿಷದಲ್ಲಿ ಲಾಕ್ ಸ್ಕ್ರೀನ್ ಮೇಲೆ ಜೋಗ ಬಿತ್ತು.

ಮೊನ್ನೆ ಊರಿಗೆ ಹೋದಾಗ ಕರೆಂಟ್ ಬಿಲ್ ಕಟ್ಟಲು ಅಮ್ಮನ ಫೋನ್ ತೆಗೆದುಕೊಂಡು, ಪಿನ್ ಹಾಕಮ್ಮ ಅಂತ ಮುಂದೆ ಹಿಡಿದೆ. ಅಮ್ಮ ಕನ್ನಡಕ ಹುಡುಕಿ ಹಾಕಿಕೊಂಡರು. ಪರದೆಯನ್ನು ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು.

"ಇದು ಒಂದೇ ಸಲವೋ, ವಾರ ವಾರವೋ?"